ಮೂಳೆ ಮುರಿದಿದೆ ಎಂದು ಗೊತ್ತಾದ ಮೇಲೆ ಬದಲಾದ ಕಲಂ

ಅಪ್ಪನಿಗೆ ಹೊಡೆದವರ ಮೇಲೆ ದೂರು ಕೊಡಲು ಠಾಣೆಗೆ ಹೋದೆವು. ಹೊರಗೆ ಬರುವಾಗ ಕೈಯಲ್ಲಿದ್ದದ್ದು ಎಫ್‌ಐಆರ್ ಅಲ್ಲ, ಒಂದು ಹಿಂಬರಹ. ದೂರಿನಲ್ಲಿರುವ ಅಂಶಗಳು ಅಸಂಜ್ಞೇಯ ಅಪರಾಧಕ್ಕೆ ಸಂಬಂಧಿಸಿದ್ದರಿಂದ ಎನ್‌ಸಿ ಪುಸ್ತಕದಲ್ಲಿ ನಮೂದಿಸಿಕೊಳ್ಳಲಾಗಿದೆ, ತಾವು ನ್ಯಾಯಾಲಯವನ್ನು ಸಂಪರ್ಕಿಸಬಹುದು ಎಂಬ ಒಕ್ಕಣೆ. ಅಸಂಜ್ಞೇಯ, ಅಂದರೆ ಎನ್‌ಸಿ (ನಾನ್-ಕಾಗ್ನಿಜಬಲ್): ನ್ಯಾಯಾಲಯದ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ ಅಪರಾಧ. ಕೆಳಗೆ ಠಾಣೆಯ ಮೊಹರು, ಸಹಿ. ಊರಿಗೆ ಮರಳುವ ಬಸ್ಸಿನಲ್ಲಿ ಅಪ್ಪ ಮತ್ತೆ ಮತ್ತೆ ಕೇಳಿದ್ದು ಒಂದೇ ಮಾತು: "ಹಾಗಾದರೆ ಹೊಡೆದದ್ದು ತಪ್ಪಲ್ಲವೇ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನನಗೆ ಬಹಳ ಕಾಲ ಹಿಡಿಯಿತು. ಆ ಹಿಂಬರಹದಿಂದ ಹಿಡಿದು ಅಪ್ಪ ಸಾಕ್ಷಿ ಕಟಕಟೆ ಹತ್ತಿದ ದಿನದವರೆಗೆ ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಹಾಳೆ ಹಿಡಿದು ಠಾಣೆಯ ಮೆಟ್ಟಿಲು ಇಳಿದು, ಅದನ್ನು ಮಡಚಿ ಟ್ರಂಕಿಗೆ ಹಾಕಿ ಸುಮ್ಮನಾದ ಹಲವರನ್ನು ನಮ್ಮ ಹೋಬಳಿಯಲ್ಲೇ ಕಂಡಿದ್ದೇನೆ. ಎನ್‌ಸಿ ಆಯಿತೆಂದರೆ ಏನೂ ಆಗಲಿಲ್ಲ ಎಂದೇ ಅವರೆಲ್ಲ ತಿಳಿದುಕೊಂಡಿದ್ದಾರೆ. ಅದು ಹಾಗಲ್ಲ.

ನಮ್ಮದು ಅರೆಮಲೆನಾಡಿನ ಹಳ್ಳಿ, ಒಂದು ತುಂಡು ಅಡಿಕೆ ತೋಟ. ಪಕ್ಕದ ತೋಟಕ್ಕೂ ನಮ್ಮದಕ್ಕೂ ನಡುವೆ ಒಂದು ಬದು, ಬದುವಿನ ಪಕ್ಕದಲ್ಲಿ ಬಸಿಗಾಲುವೆ. 2024ರ ಆಗಸ್ಟ್ ಮಳೆಯಲ್ಲಿ ಪಕ್ಕದವರು ಕಾಲುವೆಗೆ ಮಣ್ಣು ಕಟ್ಟಿದ್ದರಿಂದ ನೀರೆಲ್ಲ ನಮ್ಮ ತೋಟಕ್ಕೆ ನುಗ್ಗಿತು. ಕೊಳೆರೋಗದ ಕಾಲ, ಬುಡದಲ್ಲಿ ನೀರು ನಿಂತರೆ ಮರದ ಕಥೆ ಮುಗಿಯಿತು. ಅಪ್ಪ ಕೇಳಲು ಹೋದರು. ಮಾತಿಗೆ ಮಾತು ಬೆಳೆಯಿತು. ಆತ ಅಪ್ಪನ ವಯಸ್ಸನ್ನೂ ನೋಡದೆ ಕೆನ್ನೆಗೆ ಹೊಡೆದು, ಎದೆಗೆ ಕೈಕೊಟ್ಟು ತಳ್ಳಿದ. ಅಪ್ಪ ಬೀಳುವಾಗ ಬಲಗೈ ಊರಿ ಕಾಲುವೆಯ ಅಂಚಿನ ಕಲ್ಲಿನ ಮೇಲೆ ಬಿದ್ದರು. ಕಳೆ ತೆಗೆಯಲು ಬಂದಿದ್ದ ಇಬ್ಬರು ಹೆಂಗಸರು ಅದನ್ನು ನೋಡಿದರು. ನಡೆದದ್ದು ಇಷ್ಟೇ.

ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರು ಎಂಎಲ್‌ಸಿ ಪುಸ್ತಕ ತೆರೆದರು. ಹೊಡೆದಾಟದ ಗಾಯ ಎಂದು ಹೇಳಿಕೊಂಡು ಬಂದವರ ವಿವರವನ್ನು ಬೇರೆಯಾಗಿ ಬರೆದು ಪೊಲೀಸರಿಗೆ ತಿಳಿಸುವ ಕ್ರಮ ಅದು. ಯಾರು ಹೊಡೆದರು, ಎಲ್ಲಿ, ಎಷ್ಟು ಹೊತ್ತಿಗೆ, ಕೈಯಿಂದಲೋ ಆಯುಧದಿಂದಲೋ ಎಂದು ಒಂದೊಂದಾಗಿ ಕೇಳಿದರು. ಆಗ ನಾವು ಕೊಡುವ ಉತ್ತರ ಮುಂದೆ ಪ್ರಕರಣ ಮುಗಿಯುವವರೆಗೂ ಜೊತೆಗೆ ಬರುತ್ತದೆ. "ಕೈಯಿಂದ ಹೊಡೆದು ತಳ್ಳಿದ, ಕಲ್ಲಿನ ಮೇಲೆ ಕೈ ಊರಿ ಬಿದ್ದೆ" ಎಂದು ಅಪ್ಪ ಹೇಳಿದ್ದನ್ನು ಅವರು ಹಾಗೆಯೇ ಬರೆದುಕೊಂಡರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಗಾಯದ ಪ್ರಮಾಣಪತ್ರದಲ್ಲಿ "ಸಾಮಾನ್ಯ ಸ್ವರೂಪದ ಗಾಯ" ಎಂಬ ಅಭಿಪ್ರಾಯ ಬಂತು. ಕೈಗೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ನೋವಿನ ಮಾತ್ರೆ ಕೊಟ್ಟು ಕಳುಹಿಸಿದರು.

ಅಲ್ಲಿಂದ ಠಾಣೆಗೆ. ಸಬ್ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು. ದೂರನ್ನು ಪೂರ್ತಿ ಓದಿ, ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಮಾತನಾಡಿಸಿದರು. ಆಮೇಲೆ ಹೇಳಿದರು: "ಯಜಮಾನರೇ, ಇದು 115(2) ಮತ್ತು 352. ಎರಡೂ ಎನ್‌ಸಿ. ನಾನಾಗಿ ತನಿಖೆ ಮಾಡುವ ಹಾಗಿಲ್ಲ."

ನನಗೆ ಸಿಟ್ಟು ಬಂತು. ಅರವತ್ತು ದಾಟಿದ ಮನುಷ್ಯನ ಮೇಲೆ ಕೈ ಮಾಡಿದ್ದಾರೆ, ಕಣ್ಣಾರೆ ಕಂಡವರಿದ್ದಾರೆ, ಆಸ್ಪತ್ರೆಯ ಕಾಗದವಿದೆ, ಆದರೂ ತನಿಖೆ ಇಲ್ಲವೆಂದರೆ ಹೇಗೆ ಎಂದು ಕೇಳಿದೆ. ಅವರು ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಪುಸ್ತಕ ತರಲು ಹೇಳಿದರು. ಪೊಲೀಸರು, ನ್ಯಾಯಾಲಯಗಳು ಅನುಸರಿಸಬೇಕಾದ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕೊನೆಯಲ್ಲಿ ಮೊದಲನೆಯ ಅನುಸೂಚಿ ಎಂಬ ಉದ್ದನೆಯ ಪಟ್ಟಿಯಿದೆ. ಯಾವ ಅಪರಾಧ, ಅದಕ್ಕೆ ಏನು ಶಿಕ್ಷೆ, ಸಂಜ್ಞೇಯವೋ ಅಲ್ಲವೋ, ಜಾಮೀನು ಹಕ್ಕೋ ಅಲ್ಲವೋ, ಯಾವ ನ್ಯಾಯಾಲಯದಲ್ಲಿ ವಿಚಾರಣೆ ಎಂಬುದಕ್ಕೆಲ್ಲ ಅಲ್ಲಿ ಬೇರೆ ಬೇರೆ ಅಂಕಣಗಳಿವೆ. ಹೆಡ್ ಕಾನ್‌ಸ್ಟೇಬಲ್ ಅಡಿಪಟ್ಟಿ ಇಟ್ಟು ಸಾಲು ತೋರಿಸಿದರು. ಭಾರತೀಯ ನ್ಯಾಯ ಸಂಹಿತೆಯ 115(2), ಸ್ವಇಚ್ಛೆಯಿಂದ ಗಾಯಪಡಿಸುವುದು: 1 ವರ್ಷದವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ಜುಲ್ಮಾನೆ ಅಥವಾ ಎರಡೂ, ಅಸಂಜ್ಞೇಯ, ಜಾಮೀನು ನೀಡಬಹುದಾದದ್ದು. ಹಳೆಯ ದಂಡ ಸಂಹಿತೆಯಲ್ಲಿ ಇದು 323 ಆಗಿತ್ತು. 2024ರ ಜುಲೈ 1ರಿಂದ ಸಂಖ್ಯೆ ಬದಲಾಗಿದೆ, ಜಾತಿ ಬದಲಾಗಿಲ್ಲ. ಶಾಂತಿ ಕದಡುವ ಉದ್ದೇಶದಿಂದ ಬೈದು ಅವಮಾನಿಸುವ 352, ಅಂದರೆ ಹಳೆಯ 504, ಅದೂ ಅದೇ ಸಾಲಿಗೆ ಸೇರಿದ್ದು.

ಸಂಜ್ಞೇಯ ಅಪರಾಧವಾದರೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು, ನ್ಯಾಯಾಲಯದ ಅಪ್ಪಣೆಗೆ ಕಾಯದೆ ತನಿಖೆ ಆರಂಭಿಸಬೇಕು, ಅಗತ್ಯವಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದನ್ನು ಖಡಾಖಂಡಿತವಾಗಿ ಹೇಳಿದೆ. ಅಸಂಜ್ಞೇಯವಾದರೆ ಸುರಕ್ಷಾ ಸಂಹಿತೆಯ 174ನೆಯ ಕಲಮಿನ ದಾರಿ: ದೂರಿನ ಸಾರಾಂಶವನ್ನು ಪುಸ್ತಕದಲ್ಲಿ ಬರೆದುಕೊಂಡು ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಕೈ ಹಾಕುವಂತಿಲ್ಲ.

ಅಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಅಪ್ಪನನ್ನು ಕೇಳಿದರು: "ನಿಮ್ಮನ್ನು ಅಡ್ಡಗಟ್ಟಿ ನಿಲ್ಲಿಸಿದನೇ?" ಆ ಪ್ರಶ್ನೆಯ ತೂಕ ನನಗೆ ಆಗ ತಿಳಿಯಲಿಲ್ಲ. ಮರುದಿನ ಊರಿನಲ್ಲಿ ಪಂಚಾಯಿತಿ ಕಡೆ ಓಡಾಡುವ ಒಬ್ಬರು ಬಿಡಿಸಿ ಹೇಳಿದರು. ಅಕ್ರಮವಾಗಿ ತಡೆಯುವುದಕ್ಕೆ 126(2) ಎಂಬ ಕಲಂ ಇದೆ. ಅದಕ್ಕೆ ಗರಿಷ್ಠ 1 ತಿಂಗಳ ಸಾದಾ ಸೆರೆವಾಸ ಅಥವಾ 5,000 ರೂಪಾಯಿ ಜುಲ್ಮಾನೆ, ಇಲ್ಲವೇ ಎರಡೂ. ಆದರೆ ಅದು ಸಂಜ್ಞೇಯ! ಹೊಡೆತಕ್ಕೆ 1 ವರ್ಷ, ಪೊಲೀಸರಿಗೆ ಅಧಿಕಾರವಿಲ್ಲ. ದಾರಿ ತಡೆದರೆ 1 ತಿಂಗಳು, ಪೊಲೀಸರಿಗೆ ಪೂರ್ತಿ ಅಧಿಕಾರ. ಇನ್ನೂ ಒಂದು ವಿಷಯವಿದೆ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದು ಅವುಗಳಲ್ಲಿ ಒಂದಾದರೂ ಸಂಜ್ಞೇಯವಾಗಿದ್ದರೆ ಇಡೀ ಪ್ರಕರಣವನ್ನೇ ಸಂಜ್ಞೇಯವೆಂದು ಭಾವಿಸಬೇಕು ಎಂದು 174ರ ನಾಲ್ಕನೆಯ ಉಪಕಲಂ ಹೇಳುತ್ತದೆ. "ಅಡ್ಡಗಟ್ಟಿದ ಎಂದು ಒಂದು ಸಾಲು ಬರೆಸಿ, ಎಫ್‌ಐಆರ್ ತಾನಾಗಿ ಆಗುತ್ತದೆ" ಎಂದು ಅವರು ಸಲಹೆ ಕೊಟ್ಟರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ತಲೆಯಾಡಿಸಿ ಹೇಳಿದರು: "ಅವನು ನನ್ನನ್ನು ತಡೆಯಲಿಲ್ಲ. ತಳ್ಳಿದ. ಆಗದ್ದನ್ನು ಬರೆಸುವುದಿಲ್ಲ."

ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆ ಒಂದು ಸಾಲನ್ನು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ನಿಜವಾಗಿ ತಡೆದಿದ್ದರೆ ಖಂಡಿತ ಬರೆಸಬೇಕು. ಎಷ್ಟೋ ಜನ ಅದನ್ನು ಹೇಳುವುದನ್ನೇ ಮರೆಯುತ್ತಾರೆ. ಕೋಲು, ಕತ್ತಿ, ಕಲ್ಲು ಬಳಸಿದ್ದರೂ ಹೇಳಬೇಕು. ಅಪಾಯಕಾರಿ ಆಯುಧದಿಂದ ಗಾಯಪಡಿಸುವ 118(1) ಸಂಜ್ಞೇಯ ಅಪರಾಧ. ಆದರೆ ನಡೆಯದ್ದನ್ನು ಸೇರಿಸಿದರೆ ಅದು ಪಾಟೀಸವಾಲಿನ ದಿನ ನಮ್ಮ ಕಾಲಿಗೇ ಸುತ್ತಿಕೊಳ್ಳುತ್ತದೆ.

ಆ ರಾತ್ರಿ ಡಲ್ಲಾಸ್‌ನಿಂದ ತಮ್ಮ ಕರೆ ಮಾಡಿದ. ಎಲ್ಲವನ್ನೂ ಕೇಳಿಸಿಕೊಂಡು ಅವನು ಮೊದಲು ಕೇಳಿದ್ದು: "ಅಕ್ಕಾ, ಇದು ಫೆಲನಿಯೋ, ಮಿಸ್‌ಡಿಮೀನರೋ?" ಅಲ್ಲಿ ಇಪ್ಪತ್ತು ವರ್ಷ ಬದುಕಿದವನಿಗೆ ಅಪರಾಧವೆಂದರೆ ಮೊದಲು ಹೊಳೆಯುವುದೇ ಆ ಎರಡು ಗೂಡುಗಳು: ಫೆಲನಿ ಎಂದರೆ ದೊಡ್ಡ ಅಪರಾಧ, ಮಿಸ್‌ಡಿಮೀನರ್ ಎಂದರೆ ಸಣ್ಣದು. ಟೆಕ್ಸಾಸ್‌ನಲ್ಲಿ ಒಬ್ಬರಿಗೆ ಕೈಯಿಂದ ಹೊಡೆದು ನೋವು ಮಾಡಿದರೆ ಸಾಮಾನ್ಯವಾಗಿ ಎ ದರ್ಜೆಯ ಮಿಸ್‌ಡಿಮೀನರ್. ಹೆಚ್ಚೆಂದರೆ 1 ವರ್ಷ, ಅದೂ ಕೌಂಟಿ ಜೈಲಿನಲ್ಲಿ, ಮತ್ತು 4,000 ಡಾಲರ್‌ವರೆಗೆ ದಂಡ. ಪೆಟ್ಟು ಗಂಭೀರವಾಗಿದ್ದರೆ ಅದು ಎರಡನೆಯ ದರ್ಜೆಯ ಫೆಲನಿ. 2ರಿಂದ 20 ವರ್ಷ, ಅದು ರಾಜ್ಯದ ಸೆರೆಮನೆಗೆ ಹೋಗುವ ವಿಷಯ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ 1 ವರ್ಷವೇ ಗಡಿಗೆರೆ. ಫೆಲನಿ ಎಂದು ಒಮ್ಮೆ ತೀರ್ಪಾದರೆ ಅದು ಮನುಷ್ಯನಿಗೇ ಅಂಟಿಕೊಳ್ಳುತ್ತದೆ ಎಂದು ತಮ್ಮ ವಿವರಿಸಿದ. ಕೆಲಸಕ್ಕೆ ಅರ್ಜಿ ಹಾಕುವಾಗ, ಬಾಡಿಗೆ ಮನೆ ಹುಡುಕುವಾಗ, ಬಂದೂಕು ಇಟ್ಟುಕೊಳ್ಳುವ ಹಕ್ಕಿನ ವಿಷಯದಲ್ಲಿ ಅದು ಎದುರಿಗೆ ಬರುತ್ತದೆ. ಆ ದೇಶದ ಪೌರರಲ್ಲದವರಿಗಂತೂ, ಅಪರಾಧ ಯಾವುದು ಎಂಬುದನ್ನು ನೋಡಿಕೊಂಡು, ಅಲ್ಲಿ ಉಳಿಯುವುದೇ ಕಷ್ಟವಾಗಬಹುದು.

ನಮ್ಮಲ್ಲಿ ಆ ಎರಡು ಗೂಡುಗಳಿಲ್ಲ. ಬ್ರಿಟಿಷರೇ ಮಾಡಿದ 1860ರ ದಂಡ ಸಂಹಿತೆ ಆ ಇಂಗ್ಲಿಷ್ ವಿಂಗಡಣೆಯನ್ನು ಇಲ್ಲಿಗೆ ತರಲಿಲ್ಲ, ಎಲ್ಲವೂ ಅಪರಾಧವೇ. ಇಂಗ್ಲೆಂಡ್ ಕೂಡ 1967ರಲ್ಲಿ ಆ ಭೇದವನ್ನು ತೆಗೆದುಹಾಕಿತು. ನಮ್ಮಲ್ಲಿರುವ ಸಂಜ್ಞೇಯ, ಅಸಂಜ್ಞೇಯ ಎಂಬ ಗೆರೆ ಬೇರೆ ಕಡೆಯಿಂದ ಹಾಯುತ್ತದೆ. ಇದು ಅಪರಾಧಿಗೆ ಅಂಟಿಸುವ ಹಣೆಪಟ್ಟಿಯಲ್ಲ. ಪೊಲೀಸರು ಎಲ್ಲಿಯವರೆಗೆ ಹೋಗಬಹುದು ಎಂಬ ಎಲ್ಲೆ. ಭಾರತೀಯ ನ್ಯಾಯ ಸಂಹಿತೆಯ ಹೊರಗಿನ ಕಾಯ್ದೆಗಳಲ್ಲಿ ಬೇರೆ ಏನೂ ಹೇಳಿರದಿದ್ದರೆ 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯವು ಅಸಂಜ್ಞೇಯ, 3 ವರ್ಷ ಮತ್ತು ಮೇಲಿನವು ಸಂಜ್ಞೇಯ ಎಂಬ ಸರಳ ಅಳತೆಯಿದೆ. ಸಂಹಿತೆಯ ಒಳಗೆ ಮಾತ್ರ ಒಂದೊಂದು ಕಲಮಿಗೂ ಪಟ್ಟಿಯನ್ನೇ ನೋಡಬೇಕು; ಇಲ್ಲದಿದ್ದರೆ 1 ತಿಂಗಳಿನ 126(2) ಆ ಕಡೆಗೂ 1 ವರ್ಷದ 115(2) ಈ ಕಡೆಗೂ ಹೇಗೆ ಬಿತ್ತು ಎಂಬುದು ಅರ್ಥವಾಗುವುದಿಲ್ಲ.

ತಾಲ್ಲೂಕಿನ ವಕೀಲರೊಬ್ಬರನ್ನು ಕಂಡೆವು. ಅವರು ಹಿಂಬರಹ ನೋಡಿ, "ಇದನ್ನು ಜೋಪಾನವಾಗಿಡಿ, ಇದೂ ಒಂದು ದಾಖಲೆ" ಎಂದರು. ಎರಡು ದಾರಿ ಹೇಳಿದರು. ಒಂದು, ತನಿಖೆಗೆ ಆದೇಶ ನೀಡುವಂತೆ ಮ್ಯಾಜಿಸ್ಟ್ರೇಟರನ್ನು ಕೋರುವುದು. ನ್ಯಾಯಾಧೀಶರು ದೂರನ್ನು ಓದಿ, ತನಿಖೆ ಏಕೆ ಬೇಕು ಎಂದು ಮನಗಂಡು ಆದೇಶ ಬರೆಯಬೇಕು. ಕೋರಿಕೆ ಪತ್ರದ ಅಂಚಿನಲ್ಲಿ "ಅನುಮತಿಸಲಾಗಿದೆ" ಎಂದು ಒಂದೇ ಪದ ಬರೆದ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಎಷ್ಟೋ ಪ್ರಕರಣಗಳನ್ನು ರದ್ದು ಮಾಡಿದೆ. ಮ್ಯಾಜಿಸ್ಟ್ರೇಟರು ಇಂಥ ಕೋರಿಕೆಗಳನ್ನು ಹೇಗೆ ಪರಿಶೀಲಿಸಬೇಕು ಎಂದು ಮಾರ್ಗಸೂಚಿಯನ್ನೂ ಕೊಟ್ಟಿದೆ. ಆದ್ದರಿಂದ ಅರ್ಜಿಯಲ್ಲಿ ವಿವರ ಸರಿಯಾಗಿರಬೇಕು. ಇನ್ನೊಂದು, ಪೊಲೀಸರನ್ನು ಬಿಟ್ಟು ನೇರವಾಗಿ ಸುರಕ್ಷಾ ಸಂಹಿತೆಯ 223ನೆಯ ಕಲಮಿನಡಿ ಖಾಸಗಿ ದೂರು ಹೂಡುವುದು. ಆಗ ಅಪ್ಪ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು, ಸಾಕ್ಷಿಗಳನ್ನು ನಾವೇ ಕರೆದೊಯ್ಯಬೇಕು, ವಕೀಲರ ಫೀಸು ನಮ್ಮದೇ. ಈ ಹೊಸ ಸಂಹಿತೆಯ ಪ್ರಕಾರ ಸಂಜ್ಞಾನ ತೆಗೆದುಕೊಳ್ಳುವ ಮುನ್ನ, ಅಂದರೆ ನ್ಯಾಯಾಲಯ ದೂರನ್ನು ಕೈಗೆತ್ತಿಕೊಳ್ಳುವ ಮುನ್ನ, ಆರೋಪಿಗೂ ಮಾತನಾಡಲು ಅವಕಾಶ ಕೊಡಬೇಕು. ಕಾಲಮಿತಿಯೂ ಇದೆ: 1 ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ 1 ವರ್ಷದೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು.

ಅಪ್ಪನ ಪ್ರಶ್ನೆಗೆ ಉತ್ತರದ ಎಳೆ ನನಗೆ ಸಿಕ್ಕಿದ್ದು ಇಲ್ಲಿ. ಹೊಡೆದದ್ದು ತಪ್ಪೇ, ಅಪರಾಧವೇ. ಆದರೆ ಆ ಅಪರಾಧವನ್ನು ನ್ಯಾಯಾಲಯದವರೆಗೆ ಹೊತ್ತುಕೊಂಡು ಹೋಗುವವರು ಯಾರು ಎಂಬುದನ್ನು ಈ ವಿಂಗಡಣೆ ತೀರ್ಮಾನಿಸುತ್ತದೆ. ಸಂಜ್ಞೇಯವಾದರೆ ಸರ್ಕಾರ ಹೊರುತ್ತದೆ, ಅಸಂಜ್ಞೇಯವಾದರೆ ಮೊದಲ ಹೆಜ್ಜೆ ಪೆಟ್ಟು ತಿಂದವರದೇ. ಠಾಣೆಯಲ್ಲಿ ಹಿಂಬರಹ ಕೊಡುವಾಗ ಇಷ್ಟನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಕು, ಜನ ಅರ್ಧ ದಾರಿಯಲ್ಲಿ ಕೈಬಿಡುವುದಿಲ್ಲ. ನಮಗೆ ಪುಸ್ತಕ ತೆರೆದು ತೋರಿಸುವ ಅಧಿಕಾರಿ ಸಿಕ್ಕರು. ನಮ್ಮ ಕಡೆಯ ಬಹಳ ಮಂದಿಗೆ "ಎನ್‌ಸಿ ಆಗಿದೆ, ಹೋಗಿ" ಎಂಬ ಮಾತಷ್ಟೇ ಸಿಗುತ್ತದೆ.

ಮುಂದಿನ ವಾರ ಠಾಣೆಯಿಂದ ಫೋನ್ ಬಂತು. ಎದುರು ಪಕ್ಷದವರು ಪ್ರತಿದೂರು ಕೊಟ್ಟಿದ್ದಾರೆ, ಅಪ್ಪನೇ ಮೊದಲು ಕೆಟ್ಟ ಮಾತು ಬೈದು ಬೆದರಿಕೆ ಹಾಕಿದರಂತೆ. ಅಮ್ಮ ಊಟ ಬಿಟ್ಟು ಕುಳಿತರು. ಪೊಲೀಸ್ ಜೀಪು ಬಂದು ಅಪ್ಪನನ್ನು ಕರೆದೊಯ್ಯುತ್ತದೆ ಎಂಬ ಭಯ. ವಕೀಲರಿಗೆ ಫೋನ್ ಮಾಡಿದರೆ ಅವರು ನಿರಾಳವಾಗಿ ಹೇಳಿದರು: "ಅದೂ 352, 351(2). ಅದೂ ಎನ್‌ಸಿಯೇ. ವಾರಂಟ್ ಇಲ್ಲದೆ ಯಾರೂ ಯಜಮಾನರನ್ನು ಮುಟ್ಟುವ ಹಾಗಿಲ್ಲ. ಹೋಗಿ, ಹೇಳಿಕೆ ಕೊಟ್ಟು ಬನ್ನಿ."

ಹಿಂದಿನ ವಾರವಷ್ಟೇ ನಾನು ಶಪಿಸಿದ ಅದೇ ನಿಯಮ ಈಗ ಅಪ್ಪನನ್ನು ಕಾಯುತ್ತಿತ್ತು. ಹಳ್ಳಿಯಲ್ಲಿ ಬೈಗುಳಕ್ಕೆ, ಬೆದರಿಕೆಯ ಮಾತಿಗೆಲ್ಲ ಪೊಲೀಸರಿಗೆ ಬಂಧಿಸುವ ಅಧಿಕಾರವಿದ್ದಿದ್ದರೆ ಠಾಣೆಯಲ್ಲಿ ಯಾರ ಪರಿಚಯ ಹೆಚ್ಚೋ ಅವರದೇ ನಡೆಯುತ್ತಿತ್ತು. ಸಂಜೆಯ ಜಗಳಕ್ಕೆ ರಾತ್ರಿ ಲಾಕಪ್ಪಿಗೆ ಹೋಗುವವರು ಬಡವರೇ ಆಗಿರುತ್ತಿದ್ದರು. ಸಣ್ಣ ಅಪರಾಧಗಳಿಗೆ ನಡುವೆ ಒಬ್ಬ ನ್ಯಾಯಾಧೀಶರನ್ನು ನಿಲ್ಲಿಸಿರುವುದು ಸರಿ ಎಂದೇ ಈಗ ನನ್ನ ಅಭಿಪ್ರಾಯ. ನನ್ನ ತಕರಾರು ಇರುವುದು ಆ ನ್ಯಾಯಾಧೀಶರವರೆಗಿನ ದಾರಿಯ ಬಗ್ಗೆ. ಓದು ಬರಹ, ದುಡ್ಡು, ಬಿಡುವು ಇಲ್ಲದವರಿಗೆ ಅದು ಮುಚ್ಚಿದ ದಾರಿಯೇ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಹರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಅದಕ್ಕೆ ಅರ್ಹರು. ಹಿಂಬರಹದ ಕೆಳಗೆ ಈ ಒಂದು ಸಾಲು ಅಚ್ಚಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಇಷ್ಟರ ನಡುವೆ ಅಪ್ಪನ ಕೈ ನೋವು ಕಡಿಮೆಯಾಗಲಿಲ್ಲ. ಊತ ಇಳಿದರೂ ಚೊಂಬು ಎತ್ತಲು ಆಗುತ್ತಿರಲಿಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲು ಅಮ್ಮನನ್ನು ಕರೆಯುತ್ತಿದ್ದರು. ವಕೀಲರೇ ಅದನ್ನು ಗಮನಿಸಿ "ಮೂಳೆ ವೈದ್ಯರಿಗೆ ಇನ್ನೊಮ್ಮೆ ತೋರಿಸಿ" ಎಂದರು. ಜಿಲ್ಲಾ ಆಸ್ಪತ್ರೆಗೆ ಹೋದೆವು. ಆ ವೈದ್ಯರು ಅಪ್ಪನಿಗೆ ಹೆಬ್ಬೆರಳನ್ನು ಹಿಂದಕ್ಕೆ ಚಾಚಲು ಹೇಳಿದರು. ಹಾಗೆ ಚಾಚಿದಾಗ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಎರಡು ಸ್ನಾಯುರಜ್ಜುಗಳ ನಡುವೆ ಒಂದು ಸಣ್ಣ ಗುಳಿ ಬೀಳುತ್ತದೆ. ಆ ಗುಳಿಯಲ್ಲಿ ಬೆರಳಿಟ್ಟು ಒತ್ತಿದ್ದೇ ತಡ, ಅಪ್ಪ ಹಲ್ಲು ಕಚ್ಚಿ ಕೈ ಎಳೆದುಕೊಂಡರು. "ಇಲ್ಲಿ ಸ್ಕ್ಯಾಫಾಯ್ಡ್ ಎಂಬ ಪುಟ್ಟ ಮೂಳೆಯಿದೆ" ಎಂದು ಅವರು ವಿವರಿಸಿದರು. "ಗೋಡಂಬಿಯಷ್ಟು ದೊಡ್ಡದು. ಕೈ ಊರಿ ಬಿದ್ದವರಲ್ಲಿ ಇದು ಸೀಳುತ್ತದೆ. ಆದರೆ ಪೆಟ್ಟಾದ ದಿನದ ಎಕ್ಸ್‌ರೇಯಲ್ಲಿ ಸೀಳು ಕಾಣದೇ ಇರಬಹುದು. ಹತ್ತು ಹದಿನೈದು ದಿನ ಕಳೆದು ತೆಗೆದರೆ ಗೆರೆ ಸ್ಪಷ್ಟವಾಗುತ್ತದೆ." ಹೊಸ ಎಕ್ಸ್‌ರೇ ತೆಗೆಸಿ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದರು. ಆ ಪುಟ್ಟ ಮೂಳೆಯ ನಡುವೆ ಕೂದಲೆಳೆಯಂಥ ಒಂದು ಕಪ್ಪು ಗೆರೆ. ಈ ಮೂಳೆಗೆ ರಕ್ತ ಸಂಚಾರ ಕಡಿಮೆ, ಅಲಕ್ಷ್ಯ ಮಾಡಿದ್ದರೆ ಕೂಡದೇ ಹೋಗುತ್ತಿತ್ತು ಎಂದು ಎಚ್ಚರಿಸಿ, ಹೆಬ್ಬೆರಳನ್ನೂ ಸೇರಿಸಿ ಮೊಣಕೈ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿದರು.

ಆ ಕಪ್ಪು ಗೆರೆಯಿಂದ ಪ್ರಕರಣದ ಜಾತಿಯೇ ಬದಲಾಯಿತು. ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಂ ಯಾವ ಗಾಯ "ತೀವ್ರ ಗಾಯ" ಎಂಬುದನ್ನು ಎಂಟು ಬಗೆಯಾಗಿ ಪಟ್ಟಿ ಮಾಡುತ್ತದೆ. ಕಣ್ಣು ಹೋಗುವುದು, ಕಿವಿ ಹೋಗುವುದು, ಅಂಗ ಹೋಗುವುದು, ಮುಖ ವಿಕಾರವಾಗುವುದು ಇತ್ಯಾದಿಗಳ ಜೊತೆ ಏಳನೆಯದಾಗಿ ಮೂಳೆಯ ಅಥವಾ ಹಲ್ಲಿನ ಮುರಿತ, ಕೀಲು ತಪ್ಪುವಿಕೆ ಎಂದಿದೆ. ಯಾವ ಮೂಳೆ, ಎಷ್ಟು ಮುರಿತ ಎಂದು ಅದು ಕೇಳುವುದಿಲ್ಲ. ಎಂಟನೆಯದು, 15 ದಿನ ತೀವ್ರ ನೋವಿನಲ್ಲಿರುವುದು ಅಥವಾ ದಿನನಿತ್ಯದ ಕೆಲಸ ಮಾಡಲಾಗದಿರುವುದು. ಹಳೆಯ ಕಾಯ್ದೆಯಲ್ಲಿ ಇದಕ್ಕೆ 20 ದಿನವಿತ್ತು. ತೀವ್ರ ಗಾಯ ಮಾಡಿದ್ದಕ್ಕೆ 117(2): 7 ವರ್ಷದವರೆಗೆ ಸೆರೆವಾಸ ಮತ್ತು ಜುಲ್ಮಾನೆ. ಸಂಜ್ಞೇಯ.

ಅದೇ ಕೈ, ಅದೇ ಕಲ್ಲು, ಅದೇ ತಳ್ಳಾಟ. ಹಿಂದಿನ ದಿನದವರೆಗೆ 1 ವರ್ಷದ ಅಸಂಜ್ಞೇಯ ಅಪರಾಧವಾಗಿದ್ದದ್ದು ಈಗ 7 ವರ್ಷದ ಸಂಜ್ಞೇಯ ಅಪರಾಧ. ತಮ್ಮನಿಗೆ ಹೇಳಿದಾಗ ಅವನು "ಈಗ ನನ್ನ ಲೆಕ್ಕದಲ್ಲಿ ಫೆಲನಿ" ಎಂದ.

ಜಿಲ್ಲಾ ಆಸ್ಪತ್ರೆಯ ವರದಿ, ಎರಡೂ ಎಕ್ಸ್‌ರೇ ಚಿತ್ರಗಳು ಮತ್ತು ಒಂದು ಪೂರಕ ದೂರು ಹಿಡಿದು ಠಾಣೆಗೆ ಹೋದೆವು. ಪೂರಕ ದೂರಿನಲ್ಲಿ ವಕೀಲರು ಒಂದು ವಿಷಯವನ್ನು ಬಿಡಿಸಿ ಬರೆಸಿದರು: ಮೊದಲ ಎಕ್ಸ್‌ರೇ ಯಾವತ್ತು, ಎರಡನೆಯದು ಯಾವತ್ತು, ನಡುವೆ ಅಪ್ಪ ಎಲ್ಲಿದ್ದರು, ನೋವು ಯಾವತ್ತಿನಿಂದ ಇತ್ತು, ಬೇರೆ ಬಿದ್ದದ್ದೇನೂ ಇಲ್ಲ ಎಂಬುದು. ತಡವಾದ ಕಾರಣವನ್ನು ದೂರಿನಲ್ಲೇ ಹೇಳದಿದ್ದರೆ ಮುಂದೆ ಅದೇ ದೊಡ್ಡ ಬಿರುಕಾಗುತ್ತದೆ ಎಂದರು. ಸಬ್ ಇನ್‌ಸ್ಪೆಕ್ಟರ್ ಈ ಬಾರಿ ನ್ಯಾಯಾಲಯದ ಆದೇಶಕ್ಕೆ ಕಾಯಬೇಕಾಗಿರಲಿಲ್ಲ. ಎಫ್‌ಐಆರ್ ದಾಖಲಾಯಿತು. ಅಪ್ಪನಿಗೆ ಓದಿ ಹೇಳಿ, ಎಡಗೈಯಿಂದ ಸಹಿ ಮಾಡಿಸಿಕೊಂಡು, ಅದರ ಒಂದು ಪ್ರತಿಯನ್ನು ಉಚಿತವಾಗಿ ಕೊಟ್ಟರು. ಉಚಿತ ಪ್ರತಿ ದೂರುದಾರರ ಹಕ್ಕು, ಕೇಳಿ ಪಡೆಯಬೇಕು. ಠಾಣೆಯಲ್ಲಿ ಎಫ್‌ಐಆರ್ ಮಾಡಲು ನಿರಾಕರಿಸಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಲು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಲು ಸುರಕ್ಷಾ ಸಂಹಿತೆಯ 173(4)ರಲ್ಲಿ ದಾರಿಯಿದೆ. ನಮಗೆ ಅದು ಬೇಕಾಗಲಿಲ್ಲ.

ಆಮೇಲಿನ ಕೆಲಸಗಳು ಬೇಗ ನಡೆದವು. ತನಿಖಾಧಿಕಾರಿ ತೋಟಕ್ಕೆ ಬಂದು ಪಂಚರ ಸಮ್ಮುಖದಲ್ಲಿ ಸ್ಥಳ ಮಹಜರು ಮಾಡಿದರು. ಕಾಲುವೆ, ಕಲ್ಲು, ಕಟ್ಟಿದ ಮಣ್ಣು ಎಲ್ಲವೂ ನಕ್ಷೆಗೆ ಬಂತು. ಕಳೆ ತೆಗೆಯುತ್ತಿದ್ದ ಇಬ್ಬರ ಹೇಳಿಕೆಯಾಯಿತು. ಮೊದಲು ನೋಡಿದ ವೈದ್ಯರಿಗೆ ಹೊಸ ಎಕ್ಸ್‌ರೇ ಕಳುಹಿಸಿ ಅಭಿಪ್ರಾಯ ಕೇಳಿದರು. ಅವರು ಗಾಯವನ್ನು ತೀವ್ರ ಸ್ವರೂಪದ್ದೆಂದು ತಿದ್ದಿ ಕೊಟ್ಟರು.

ಆರೋಪಿಯನ್ನು ಮಾತ್ರ ಬಂಧಿಸಿ ಇಟ್ಟುಕೊಳ್ಳಲಿಲ್ಲ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅಗತ್ಯವಿಲ್ಲವೆಂದು ಕಂಡರೆ ಅದೇ ಸಂಹಿತೆಯ 35(3)ರ ನೋಟಿಸ್ ಕೊಟ್ಟು ಹಾಜರಾಗಲು ಹೇಳುವುದೇ ಕ್ರಮ. ಅವರು ಹಾಜರಾದರು, ಜಾಮೀನು ಕೊಟ್ಟು ಅದೇ ಸಂಜೆ ಮನೆಗೆ ಬಂದರು. ಅಮ್ಮನಿಗೆ ಇದನ್ನು ಒಪ್ಪಿಕೊಳ್ಳಲು ಆಗಲೇ ಇಲ್ಲ. "7 ವರ್ಷದ ಕೇಸು ಎಂದಿರಿ, ಇವನು ನೋಡಿದರೆ ಜಗುಲಿಯಲ್ಲಿ ಕುಳಿತಿದ್ದಾನೆ" ಎಂದರು. ಠಾಣೆಯಲ್ಲಿ ಕಂಡ ಪಟ್ಟಿಯನ್ನು ನೆನಪಿಸಿಕೊಂಡು ಅಮ್ಮನಿಗೆ ಹೇಳಿದೆ: ಸಂಜ್ಞೇಯವೋ ಅಲ್ಲವೋ ಎಂಬುದು ಒಂದು ಅಂಕಣ, ಜಾಮೀನು ಹಕ್ಕೋ ಅಲ್ಲವೋ ಎಂಬುದು ಇನ್ನೊಂದು. 117(2) ಸಂಜ್ಞೇಯ, ಆದರೆ ಜಾಮೀನು ಆರೋಪಿಯ ಹಕ್ಕು. ಇವೆರಡನ್ನು ಒಂದೇ ಎಂದುಕೊಂಡು ಪೊಲೀಸರು ದುಡ್ಡು ತಿಂದು ಬಿಟ್ಟರು ಎನ್ನುವವರು ನಮ್ಮೂರಿನಲ್ಲಿ ತುಂಬ ಮಂದಿ. ನಮ್ಮ ಪ್ರಕರಣದಲ್ಲಿ ಹಾಗೇನೂ ಆಗಲಿಲ್ಲ, ಕಾಯ್ದೆಯಲ್ಲಿದ್ದದ್ದೇ ನಡೆಯಿತು.

ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಪೊಲೀಸರೇ ತಿಳಿಸಬೇಕು ಎಂದು ಸುರಕ್ಷಾ ಸಂಹಿತೆಯ 193ನೆಯ ಕಲಮಿನಲ್ಲಿದೆ. ಅದನ್ನು ಉಲ್ಲೇಖಿಸಿ ಒಂದು ಪತ್ರ ಕೊಟ್ಟೆ, ಮೊಬೈಲಿಗೆ ಸಂದೇಶ ಬಂತು. ಕೆಲವು ಕಾಲದ ನಂತರ ದೋಷಾರೋಪಣ ಪಟ್ಟಿ ಸಲ್ಲಿಕೆಯಾಯಿತು. ನ್ಯಾಯಾಲಯದ ಕಾಗದದಲ್ಲಿ ಒಂದು ಕಡೆ ಕರ್ನಾಟಕ ರಾಜ್ಯ, ಇನ್ನೊಂದು ಕಡೆ ಆರೋಪಿಯ ಹೆಸರು. ಅಪ್ಪನ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿ ಮೊದಲನೆಯದು. ನಮ್ಮ ಪರವಾಗಿ ವಾದಿಸುವವರು ಸಹಾಯಕ ಸರ್ಕಾರಿ ಅಭಿಯೋಜಕರು, ಫೀಸು ಇಲ್ಲ. ಸಾಕ್ಷಿಗಳನ್ನು ನಾವು ಕರೆದೊಯ್ಯಬೇಕಿಲ್ಲ, ನ್ಯಾಯಾಲಯದ ಸಮನ್ಸ್ ಹಿಡಿದು ಪೊಲೀಸರು ಅವರ ಮನೆಗೆ ಹೋಗುತ್ತಾರೆ. ಖಾಸಗಿ ದೂರು ಹೂಡಿದ್ದರೆ ಇಷ್ಟೂ ಹೊರೆ ಅಪ್ಪನ ತಲೆಯ ಮೇಲಿರುತ್ತಿತ್ತು.

ಅಪ್ಪನ ಸಾಕ್ಷ್ಯದ ದಿನ ಮುಖ್ಯ ವಿಚಾರಣೆ ಬೇಗ ಮುಗಿಯಿತು. ಪಾಟೀಸವಾಲಿನಲ್ಲಿ ಎದುರು ವಕೀಲರು ನಿರೀಕ್ಷಿಸಿದಲ್ಲಿಗೇ ಬಂದರು.

"ಮೊದಲ ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ, ಅಲ್ಲವೇ?"

"ಕಾಣಲಿಲ್ಲ ಎಂದು ವೈದ್ಯರು ಹೇಳಿದರು."

"ಆಮೇಲೆ ನೀವು ತೋಟದಲ್ಲಿ ಜಾರಿ ಬಿದ್ದು ಮೂಳೆ ಮುರಿದುಕೊಂಡಿರಿ ಎಂದರೆ?"

"ಸುಳ್ಳು. ಆ ದಿನದಿಂದ ನಾನು ತೋಟಕ್ಕೆ ಇಳಿದೇ ಇಲ್ಲ."

"ಆರೋಪಿ ನಿಮ್ಮನ್ನು ಅಡ್ಡಗಟ್ಟಿ ತಡೆದರು ಎಂದು ಹೇಳುತ್ತೀರಾ?"

"ಇಲ್ಲ. ತಡೆಯಲಿಲ್ಲ. ಹೊಡೆದು ತಳ್ಳಿದರು."

ಎದುರು ವಕೀಲರು ಒಂದು ಕ್ಷಣ ಕಾಗದ ತಿರುವಿದರು. ಆ ಎಳೆ ಹಿಡಿದು ಮುಂದೆ ಹೋಗಲು ಅವರಿಗೆ ಏನೂ ಸಿಗಲಿಲ್ಲ. ಹೊರಗೆ ಬಂದ ಮೇಲೆ ಅಭಿಯೋಜಕರು ಅಪ್ಪನಿಗೆ "ಚೆನ್ನಾಗಿ ಹೇಳಿದಿರಿ" ಎಂದಷ್ಟೇ ಹೇಳಿದರು.

ಈಚೆಗೆ ಊರಿನ ಹಿರಿಯರು ರಾಜಿಯ ಮಾತು ತಂದಿದ್ದಾರೆ. ಬರೀ 115(2) ಆಗಿದ್ದರೆ ಅಪ್ಪ ತಾವಾಗಿಯೇ ರಾಜಿಗೆ ಒಪ್ಪಿ ಪ್ರಕರಣ ಮುಗಿಸಬಹುದಿತ್ತು. 117(2)ರಲ್ಲಿ ರಾಜಿಗೆ ಅವಕಾಶವಿದ್ದರೂ ನ್ಯಾಯಾಲಯದ ಅನುಮತಿ ಬೇಕು. ಇದು ಈಗ ಅಪ್ಪನೊಬ್ಬರ ಪ್ರಕರಣವಲ್ಲ. ಕಾಲುವೆಯ ಮಣ್ಣು ತೆಗೆದು, ಸರ್ವೆಯವರನ್ನು ಕರೆಸಿ ಬದು ಗುರುತಿಸಿದರೆ ನೋಡೋಣ ಎಂದು ಅಪ್ಪ ಹೇಳಿ ಕಳುಹಿಸಿದ್ದಾರೆ. ಮಣ್ಣು ಇನ್ನೂ ತೆಗೆದಿಲ್ಲ. ಜಿಲ್ಲಾ ಆಸ್ಪತ್ರೆಯ ಮೂಳೆ ವೈದ್ಯರಿಗೆ ಸಾಕ್ಷ್ಯ ನುಡಿಯಲು ಸಮನ್ಸ್ ಹೋಗಿದೆ.